ಕೆಂಪು ಬಣ್ಣದಡಿಯ ದೋಣಿ

ನಮ್ಮ ಸೋದರಮಾವ ಕೂಡಿಟ್ಟಿದ್ದ ಹಳೆಯ ನಾಣ್ಯಗಳಲ್ಲಿ ಒಂದಕ್ಕೆ ಯಾರೋ ಕೆಂಪು ಉಗುರುಬಣ್ಣ ಬಳಿದಿದ್ದರು. ಅತ್ತೆ ಅದನ್ನು ತೊಳೆಯಲು ಕೂತಾಗ ಮಾವ ತಡೆದರು.

“ಬೇಡ ಕಣೇ, ತೊಳೆದ್ರೆ ನಾಣ್ಯದ ಕಳೆನೇ ಹೋಗುತ್ತೆ ಅಂತಾರೆ.”

“ಅನ್ನೋರಲ್ಲಿ ಒಬ್ಬರಾದ್ರೂ ತೊಳೆದು ನೋಡಿದಾರಾ? ನಾನೇನು ಉಜ್ಜಲ್ಲ, ಸುಮ್ನೆ ನೆನೆಸ್ತೀನಿ.”

ಗಾಜಿನ ಬಟ್ಟಲಲ್ಲಿ ಉಗುರುಬಣ್ಣ ತೆಗೆಯುವ ದ್ರವ ಸುರಿದು ಅತ್ತೆ ನಾಣ್ಯವನ್ನು ಅದರೊಳಗೆ ಬಿಟ್ಟರು. ಕಿಟಕಿಯ ಬಿಸಿಲಲ್ಲಿ ಕೆಂಪು ಬಣ್ಣ ಹೊಗೆಯಂತೆ ಮೆಲ್ಲಗೆ ಮೇಲೆದ್ದಿತು. ತಳದಲ್ಲಿ ನಾಣ್ಯದ ಮೇಲೆ ಅಚ್ಚೊತ್ತಿದ್ದ ತಾಮ್ರದ ದೋಣಿಯೊಂದು ತೇಲಿದಂತೆ ಕಂಡಿತು. ನಾಣ್ಯದ ಕಂದು ಕಳೆ ಹಾಗೇ ಇತ್ತು. ದೋಣಿಯೊಳಗೆ ಯಾರೋ ಸೂಜಿಯಿಂದ ಪುಟ್ಟ ಮನುಷ್ಯನನ್ನು ಕೆತ್ತಿ ಕೂರಿಸಿದ್ದರು.

“ಗೀಚಿದ ನಾಣ್ಯಾನ ಯಾರೂ ಮೂಸಿಯೂ ನೋಡಲ್ಲ,” ಎಂದರು ಮಾವ. ಆದರೂ ಬಟ್ಟಲ ಮುಂದಿನಿಂದ ಏಳಲಿಲ್ಲ. ಬಿಸಿಲು ಜಾರುವವರೆಗೂ ಇಬ್ಬರೂ ಆ ಪುಟ್ಟ ಮನುಷ್ಯ ಎತ್ತ ಹೊರಟಿದ್ದಾನೆಂದು ಪಿಸುದನಿಯಲ್ಲಿ ಮಾತಾಡಿಕೊಂಡರು.