ಕೆಲಸ ಹೋಯ್ತು ಅಂತ ಹೇಳಲು ಹೆದರಿದ ಮೋಹನ್ ಕುಮಾರ್

ದಬ್ಬೇಘಟ್ಟದ ಹತ್ತಿರದ ಊರಿನ ಮೋಹನ್ ಕುಮಾರ್ ಹದಿನಾಲ್ಕು ವರ್ಷ ತಿಪಟೂರಿನ ಕಡೆ ಒಂದು ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ತುರಿದ ಕಾಯಿಯನ್ನು ಒಣಗಿಸುವ ಡ್ರೈಯರ್ ಮಿಷನ್ನು ಅವರ ಕೈಯಲ್ಲಿತ್ತು. ಕಳೆದ ಆಷಾಢದಲ್ಲಿ ಮಾಲೀಕರು ಆ ಕಾರ್ಖಾನೆಗೆ ಬೀಗ ಹಾಕಿದರು.

ಊರಿನಿಂದ ಅಲ್ಲಿಗೆ ಹೋಗುತ್ತಿದ್ದವರು ಅವರೊಬ್ಬರೇ. ಹಾಗಾಗಿ ಸುದ್ದಿ ಊರಿಗೆ ಬರಲಿಲ್ಲ. ಅವರೂ ಹೇಳಲಿಲ್ಲ. ತಾಯಿ ಚಿಕ್ಕಗೌರಮ್ಮನಿಗೆ ಬಿ.ಪಿ. ಇತ್ತು. ಹೆಂಡತಿ ಗಾನವಿಯ ಮುಖ ನೋಡಿದರೆ ಮಾತೇ ಹೊರಡುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಆಕೆ ಬುತ್ತಿ ಕಟ್ಟಿಕೊಡುತ್ತಿದ್ದರು. ಇವರು ಬಸ್ಸು ಹತ್ತಿ ತುರುವೇಕೆರೆಯಲ್ಲಿ ಇಳಿದು, ಸಂಜೆಯವರೆಗೆ ಗ್ರಂಥಾಲಯದಲ್ಲಿ ಕೂರುತ್ತಿದ್ದರು. ಗುರುತಿನವರು ಯಾರಾದರೂ ಒಳಗೆ ಬಂದರೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಸೋಮವಾರ ಗ್ರಂಥಾಲಯಕ್ಕೆ ರಜೆ. ಆ ದಿನ ಎಲ್ಲಿಗೆ ಹೋಗುವುದು ಎಂಬ ಭಯ ಭಾನುವಾರವೇ ಶುರುವಾಗುತ್ತಿತ್ತು.

ಮೊಬೈಲಿನಲ್ಲಿ ಕಂಡ ಜಾಹೀರಾತಿಗೆಲ್ಲ ಅವರು ಒಂದೇ ಮೆಸೇಜು ಕಳಿಸುತ್ತಿದ್ದರು: 'ನನಗೆ ಕೆಲಸ ಬೇಕು. ಯಾವ ಕೆಲಸವಾದರೂ ಸರಿ.' ಯಾರೂ ಉತ್ತರ ಕೊಡಲಿಲ್ಲ.

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಬೆಂಗಳೂರಿನ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ನಿಮಗೆ ಕೆಲಸ ಆಗಿದೆ. ನಾಡಿದ್ದು ಬೆಳಿಗ್ಗೆ ತಿಪಟೂರು ಬಸ್ ಸ್ಟ್ಯಾಂಡ್ ಹತ್ತಿರ ಬಿಳಿ ವ್ಯಾನ್ ಬರುತ್ತೆ. ಒರಿಜಿನಲ್ ಮಾರ್ಕ್ಸ್ ಕಾರ್ಡು, ಎಟಿಎಂ ಕಾರ್ಡು ತನ್ನಿ. ಈಗಲೇ ಆಧಾರ್ ಫೋಟೊ ಕಳಿಸಿ. ಎರಡೇ ಜಾಗ ಇರೋದು, ಯಾರಿಗೂ ಹೇಳಬೇಡಿ."

ಮೋಹನ್ ಕುಮಾರ್ ಕೂಡಲೇ ಆಧಾರ್ ಫೋಟೊ ಕಳಿಸಿದರು. ಫ್ಯಾಕ್ಟರಿಯ ಹೆಸರಿದ್ದ ಒಂದು ಪತ್ರ ಮೊಬೈಲಿಗೆ ಬಂತು.

ಮರುದಿನ ಅವರು ಮನೆಯಲ್ಲಿ ಯಾರಿಗೂ ಕಾಣದಂತೆ ಒಂದು ದಿನ ಮೊದಲೇ ಟ್ರಂಕಿನಲ್ಲಿದ್ದ ಮಾರ್ಕ್ಸ್ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಗ್ರಂಥಾಲಯಕ್ಕೆ ಬಂದರು. ಅಲ್ಲಿನ ಮೇಲ್ವಿಚಾರಕಿ ಗುರುಶಾಂತಮ್ಮ ಅದನ್ನು ಕಂಡು ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಒರಿಜಿನಲ್ ಹಿಡ್ಕೊಂಡು ಎಲ್ಲಿಗಪ್ಪ ಹೊರ್ಟಿದ್ದೀಯ? ಇಪ್ಪತ್ತು ದಿನದಿಂದ ನೋಡ್ತಿದ್ದೀನಿ. ಪೇಪರ್ ಹಿಡ್ಕೊಂಡಿರ್ತೀಯ, ಪುಟ ತಿರುಗ್ಸಲ್ಲ. ನೀನು ದಿನಾ ಇಲ್ಲಿ ಕೂರೋದು ಮನೇಲಿ ಗೊತ್ತಾ?"

ಮೋಹನ್ ಕುಮಾರ್ ಇಲ್ಲ ಎಂದು ತಲೆಯಾಡಿಸಿ, ಪತ್ರ ತೋರಿಸಿದರು.

"ನಿಂಗೆ ಏನು ಕೆಲಸ ಬರ್ತದೆ ಅಂತ ಕೇಳಿದ್ರಾ?"

"ಇಲ್ಲ ಮೇಡಂ."

"ಅದನ್ನೂ ಕೇಳ್ದೆ ಕೆಲಸ ಕೊಡೋರು ಯಾರಪ್ಪ?"

"ಆದ್ರೂ ನಿಜ ಇದ್ರೆ? ಬಿಟ್ರೆ ಇದೂ ಹೋಯ್ತದೆ."

ಗುರುಶಾಂತಮ್ಮ ಪತ್ರದಲ್ಲಿದ್ದ ನಂಬರಿಗೆ ಫೋನು ಮಾಡಲಿಲ್ಲ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಫ್ಯಾಕ್ಟರಿಯ ಸ್ವಂತ ವೆಬ್‌ಸೈಟು ಹುಡುಕಿ, ಅಲ್ಲಿದ್ದ ಆಫೀಸಿನ ನಂಬರಿಗೆ ಮಾಡಿದರು. "ನಾವು ಯಾರನ್ನೂ ಕರೆದಿಲ್ಲ. ಈ ತಿಂಗಳಲ್ಲಿ ಹೀಗೆ ಕೇಳಿದವರಲ್ಲಿ ನೀವು ಮೂರನೆಯವರು. ದಯವಿಟ್ಟು ಹೋಗಬೇಡಿ" ಎಂದರು ಅಲ್ಲಿನವರು.

ಸ್ವಲ್ಪ ಹೊತ್ತಿಗೆ ವ್ಯಾನು ಕಳಿಸುತ್ತೇನೆ ಎಂದಿದ್ದವನ ಫೋನು ಬಂತು. ಬರುವುದಿಲ್ಲ ಎಂದು ಮೋಹನ್ ಕುಮಾರ್ ಹೇಳಿದೊಡನೆ ಅವನ ದನಿ ಬದಲಾಯಿತು.

"ನಿನ್ನ ಆಧಾರ್ ನಮ್ಮತ್ರ ಐತೆ. ಮನೆ ಎಲ್ಲಿ ಅಂತ ಗೊತ್ತು. ಬರದಿದ್ರೆ ನಾವೇ ಬತ್ತೀವಿ."

ಮೋಹನ್ ಕುಮಾರ್ ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟರು. "ಮನೆಗೆ ಬಂದ್ರೆ ಏನು ಮಾಡ್ಲಿ ಮೇಡಂ? ಅಮ್ಮ ಒಬ್ಬಳೇ ಜಗಲಿ ಮೇಲೆ ಕೂತಿರ್ತಾಳೆ."

"ನಂಗೂ ಭಯ ಆಯ್ತದೆ ಕಣಪ್ಪ, ಇಲ್ಲ ಅನ್ನಲ್ಲ" ಎಂದರು ಗುರುಶಾಂತಮ್ಮ. "ಆದ್ರೆ ನೀನು ಯಾರಿಗೂ ಹೇಳಲ್ಲ ಅನ್ನೋದೇ ಅವ್ರಿಗೆ ಧೈರ್ಯ. ಈಗ್ಲೇ ಮನೆಗೆ ಹೋಗಿ ಹೇಳು. ಮೆಸೇಜು ಒಂದನ್ನೂ ಅಳಿಸ್ಬೇಡ. ಸಾಯಂಕಾಲ ನಾನೂ ಬತ್ತೀನಿ."

ಊರಿನಲ್ಲಿ ಬಸ್ಸಿಳಿದಾಗ ಅರಳಿಕಟ್ಟೆಯ ಪಕ್ಕ ಒಂದು ಬಿಳಿ ವ್ಯಾನು ನಿಂತಿತ್ತು. ಮೋಹನ್ ಕುಮಾರ್ ಬಸ್ ನಿಲ್ದಾಣದ ಗೋಡೆಯ ಮರೆಗೆ ಸರಿದರು. ಅದು ಈರುಳ್ಳಿ ಮಾರುವವನ ವ್ಯಾನೆಂದು ಗೊತ್ತಾದ ಮೇಲೂ ತಿರುಗಿ ತಿರುಗಿ ನೋಡುತ್ತಲೇ ನಡೆದರು. ಮನೆಗೆ ಹೋದವರು ಹಿತ್ತಲಲ್ಲಿ ಗಾನವಿಯನ್ನು ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿದರು.

ಆಕೆ ಅವರ ಕೈಯಿಂದ ಬುತ್ತಿಯ ಚೀಲ ತೆಗೆದುಕೊಂಡರು. ಆಮೇಲೆ, "ಇಷ್ಟು ದಿನ ನಾನು ಯಾರಿಗೆ ಬುತ್ತಿ ಕಟ್ದೆ ಕಣ್ರೀ?" ಎಂದರು. 

ಸಂಜೆ ಗುರುಶಾಂತಮ್ಮ ಬಂದು, ತಾಯಿಗೂ ಮೆಲ್ಲಗೆ ಎಲ್ಲವನ್ನೂ ತಿಳಿಸಿ, ಪೊಲೀಸರಿಗೆ ದೂರು ಕೊಡೋಣ ಎಂದರು. ಚಿಕ್ಕಗೌರಮ್ಮ ಪೊಲೀಸು ಎಂಬ ಮಾತಿಗೇ ಒಪ್ಪಲಿಲ್ಲ.

"ಠಾಣೆ ಗೀಣೆ ಬ್ಯಾಡ ಕಣಮ್ಮ. ಅವ್ರು ಹಗೆ ಇಟ್ಕೊಂಡ್ರೆ? ಕೆಲಸ ಹೋಗಿರೋದು ಊರಿಗೆ ಗೊತ್ತಾದ್ರೆ ನಗ್ತಾರೆ. ಮುಚ್ಚಾಕ್ಬುಡಿ."

"ಮುಚ್ಚಿಟ್ಟಿದ್ದಕ್ಕೇ ಅಲ್ವೇನಮ್ಮ ಇಲ್ಲಿಗೆ ಬಂದಿದ್ದು? ಅವ್ರು ಎಲ್ಲೋ ಕೂತು ದಿನಾ ನೂರು ಜನಕ್ಕೆ ಫೋನು ಮಾಡೋರು. ಇನ್ನೊಂದು ಮಾತು. ನಿಮ್ಮ ಮಗನಿಗೆ ಕೆಲಸ ಬೇಕು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಾಗ್ದೆ ಕೆಲಸ ಐತೆ ಅಂತ ಬಂದು ಹೇಳೋರು ಯಾರು?"

ಚಿಕ್ಕಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋಗಿ ಬನ್ರಪ್ಪ" ಎಂದರು.

ಮಾರನೆಯ ದಿನ ಗಂಡ ಹೆಂಡತಿ ಠಾಣೆಗೆ ಹೋಗಿ ದೂರು ಬರೆದುಕೊಟ್ಟರು, ಬ್ಯಾಂಕಿಗೂ ತಿಳಿಸಿದರು. ಒಂದು ವಾರ ಬಾಗಿಲು ಸದ್ದಾದರೂ ಮನೆಯವರೆಲ್ಲ ಬೆಚ್ಚುತ್ತಿದ್ದರು. ಯಾರೂ ಬರಲಿಲ್ಲ.

ಗುರುಶಾಂತಮ್ಮ ಗ್ರಂಥಾಲಯದಲ್ಲಿ ಮೋಹನ್ ಕುಮಾರ್ ಕೈಯಲ್ಲೇ ಬಯೋಡೇಟಾ ಬರೆಸಿದರು. "ಯಾವ ಕೆಲಸ ಆದ್ರೂ ಸರಿ ಅಂದ್ರೆ ಓದಿದೋರಿಗೆ ಏನೂ ತಿಳಿಯಲ್ಲ. ನಿನ್ನ ಕೈಲಿ ಏನಾಯ್ತದೆ ಅದನ್ನ ಬರಿ" ಎಂದರು. ಮೋಹನ್ ಕುಮಾರ್ ಬರೆದರು: ಡ್ರೈಯರ್ ಮೇಲೆ ಹದಿನಾಲ್ಕು ವರ್ಷ. ಬೆಲ್ಟು ಹರಿದರೆ ನಾನೇ ಹಾಕುತ್ತೇನೆ. ಪುಡಿ ಸೀಯದಂತೆ ಶಾಖ ನೋಡಿಕೊಳ್ಳುತ್ತೇನೆ. ಕೊನೆಗೆ ಹಳೆಯ ಸೂಪರ್‌ವೈಸರ್ ವೆಂಕಟಯ್ಯನವರನ್ನು ಕೇಳಿ, ಅವರ ಹೆಸರು, ನಂಬರು ಹಾಕಿದರು. ಒಂದೇ ಪುಟ. ಉದ್ಯೋಗ ವಿನಿಮಯ ಕಚೇರಿಯಲ್ಲೂ ಹೆಸರು ಬರೆಸಿದರು.

ಮನೆಯಲ್ಲಿ ಗಾನವಿ ಮಾಲೀಕರಂತೆ ಕೂತು ಪ್ರಶ್ನೆ ಕೇಳುತ್ತಿದ್ದರು. "ಹಳೇ ಕೆಲಸ ಯಾಕೆ ಬಿಟ್ರಿ?" ಎಂದರೆ ಮೋಹನ್ ಕುಮಾರ್ ನೆಲ ನೋಡುತ್ತಿದ್ದರು. "ಕಾರ್ಖಾನೆ ಮುಚ್ತು ಅನ್ನೋಕೆ ನೆಲ ಯಾಕೆ ನೋಡ್ಬೇಕು? ಇನ್ನೊಂದ್ಸಲ ಹೇಳಿ" ಎಂದು ಆಕೆ ಬಿಡುತ್ತಿರಲಿಲ್ಲ.

ಮೊದಲು ಹೋದ ಮಿಲ್ಲಿನವರು ಬೇಡ ಎಂದರು. ಎರಡು ದಿನ ಮೋಹನ್ ಕುಮಾರ್ ಸರಿಯಾಗಿ ಉಣ್ಣಲಿಲ್ಲ. ಅದೇ ಹೊತ್ತಿಗೆ ಚಿಕ್ಕಗೌರಮ್ಮ ಹಾಲಿನ ಡೈರಿಯ ಮುಂದೆ ನಿಂತು, ಮಗನ ಕೆಲಸ ಹೋಗಿದೆ ಎಂದು ತಾವೇ ಬಾಯಿಬಿಟ್ಟು ಹೇಳಿದ್ದರು. ಯಾರೂ ನಗಲಿಲ್ಲ. ಹಾಲು ಹಾಕಲು ಪಕ್ಕದಲ್ಲಿ ನಿಂತಿದ್ದ ಗುರುಸಿದ್ದಮ್ಮ, "ನನ್ ತಮ್ಮ ಚಿಕ್ಕನಾಯಕನಹಳ್ಳಿಲಿ ಕೊಬ್ಬರಿ ಎಣ್ಣೆ ಮಿಲ್ಲಿಗೆ ಹೋಯ್ತಾನೆ. ಅಲ್ಲಿ ಹೊಸ ಡ್ರೈಯರ್ ಹಾಕವ್ರಂತೆ, ನೋಡ್ಕೊಳೋರು ಸಿಕ್ಕಿಲ್ಲ" ಎಂದರು.

ಈ ಸಲ ಮೋಹನ್ ಕುಮಾರ್ ಮೊದಲು ಮಿಲ್ಲಿನ ಆಫೀಸಿಗೆ ಫೋನು ಮಾಡಿ ವಿಚಾರಿಸಿದರು. ಎಲ್ಲಿಗೆ, ಯಾರನ್ನು ನೋಡಲು ಹೋಗುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿದರು. ಜೆರಾಕ್ಸ್ ಮಾತ್ರ ಒಯ್ದರು. ಅಲ್ಲಿ ಮಾತನಾಡುವಾಗ ದನಿ ನಡುಗಿತು. ಆದರೂ ನಿಲ್ಲಿಸಲಿಲ್ಲ. ಮಾಲೀಕರು ಅವರನ್ನು ಮಿಷನ್ನಿನ ಹತ್ತಿರ ಕರೆದೊಯ್ದರು. ಮೋಹನ್ ಕುಮಾರ್ ಒಂದು ಚೂರು ಕೊಬ್ಬರಿಯನ್ನು ಬೆರಳಲ್ಲಿ ಮುರಿದು ನೋಡಿ, "ಇನ್ನೂ ಹಸಿ ಐತೆ ಸಾರ್. ಮೇಲಿನ ಟ್ರೇಗೆ ಗಾಳಿ ಹೋಗ್ತಿಲ್ಲ" ಎಂದರು.

"ಒಂದು ತಿಂಗಳು ನೋಡ್ತೀನಿ. ನಾಳೆಯಿಂದ ಬಾ" ಎಂದರು ಮಾಲೀಕರು.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಮನೆಯಲ್ಲೂ ಯಾರಾದರೂ ಕೆಲಸ ಹುಡುಕುತ್ತಿರಬಹುದು, ಅಥವಾ ಕೆಲಸ ಹೋಗಿದ್ದನ್ನು ಬಚ್ಚಿಟ್ಟುಕೊಂಡಿರಬಹುದು. ಅವರನ್ನು ಬೈಯಬೇಡಿ, ಕೂರಿಸಿಕೊಂಡು ಕೇಳಿ. ಕೆಲಸ ಹುಡುಕುತ್ತಿರುವುದು ನೀವೇ ಆದರೆ, ನಿಮಗೆ ಬರುವ ಕೆಲಸವನ್ನು ಒಂದು ಪುಟದಲ್ಲಿ ಬಿಡಿಸಿ ಬರೆಯಿರಿ, ಮನೆಯವರ ಮುಂದೆ ಮಾತಾಡಿ ಅಭ್ಯಾಸ ಮಾಡಿ, ನಾಲ್ಕು ಜನಕ್ಕೆ ತಿಳಿಸಿ. ಕೆಲಸ ಕೊಡುತ್ತೇವೆಂದು ದುಡ್ಡನ್ನೋ ಒಟಿಪಿಯನ್ನೋ ಎಟಿಎಂ ಕಾರ್ಡನ್ನೋ ಕೇಳಿದವರಿಗೆ ಕೊಡಬೇಡಿ. ಅವರ ಮಾತು ನಿಜವೇ ಎಂದು ಕಂಪನಿಯನ್ನೇ ಕೇಳಿ. ದುಡ್ಡು ಕೊಟ್ಟು ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ. ಯಾರಿಗೂ ಹೇಳಬೇಡ ಎಂದು ಯಾರಾದರೂ ಅಂದರೆ, ಆ ಮಾತನ್ನೇ ಮೊದಲು ಮನೆಯಲ್ಲಿ ಹೇಳಿ.