ಬಲಗೈ ಲೋಟ

ಕಾಲರಿನ ಮೂಲೆಗೆ ಇಸ್ತ್ರಿಪೆಟ್ಟಿಗೆ ಇನ್ನೂ ಹೋಗಿಲ್ಲ, ಮಗಳು ಎದ್ದು ಬಂದಳು, ಹತ್ತು ಗಂಟೆಗೆ, ಕಣ್ಣು ಬಿಡದೆಯೇ ನೀರಿನ ಲೋಟಕ್ಕೆ ಕೈ ಹಾಕಿದಳು — ಬಲಗೈ. ರಜೆಗೆ ಬಂದ ನಾಲ್ಕು ದಿನದಿಂದ ನೋಡುತ್ತಿದ್ದೇನೆ, ನೀರು, ಹಾಲು, ಟೀ, ಎಲ್ಲಕ್ಕೂ ಎಡಗೈ, ಇದೇನೇ ಹೊಸದು ಅಂದರೆ ಹಾಸ್ಟೆಲ್ ಅಭ್ಯಾಸ ಬಿಡಮ್ಮ ಅಂತ ನಕ್ಕಿದ್ದಳು, ನನಗೆ ಗೊತ್ತಿಲ್ಲವೇ, ಇಪ್ಪತ್ತೈದು ವರ್ಷದ ಹಿಂದೆ ನಾವೂ ಹೀಗೆಯೇ, ಬಲಗೈಯಲ್ಲಿ ಲೋಟ ಹಿಡಿದದ್ದು ಯಾರ ಕಣ್ಣಿಗಾದರೂ ಬಿದ್ದರೆ ಅವರು ಮೇಜನ್ನು ಎರಡು ಸಲ ಕುಟ್ಟಬೇಕು, ಸಿಕ್ಕಿಬಿದ್ದವಳು ಒಂದೇ ಉಸಿರಿಗೆ ಮುಗಿಸಿ ಲೋಟವನ್ನು ತಲೆಯ ಮೇಲೆ ಕವುಚಬೇಕು, ಮೆಸ್ಸಿನಲ್ಲಿ ಬರೀ ನೀರು, ಭಾನುವಾರ ಮಧ್ಯಾಹ್ನ ರೂಮಿನಲ್ಲಿ ನೀರಲ್ಲ, ಕದ್ದುಮುಚ್ಚಿ ತಂದ ರಮ್ಮು — ಅಷ್ಟರಲ್ಲಿ ಟಕ್ ಟಕ್, ಯಾರು ಕುಟ್ಟಿದ್ದು, ನನ್ನದೇ ಗೆಣ್ಣು, ಇಸ್ತ್ರಿ ಮೇಜಿನ ಮೇಲೆ, ನನ್ನನ್ನು ಕೇಳದೆ. ಮಗಳು ಗಟಗಟ ಕುಡಿದು ಲೋಟ ತಲೆಯ ಮೇಲೆ ಕವುಚಿಯೇ ಬಿಟ್ಟಳು, ಆಮೇಲೆ ಕಣ್ಣು ಬಿಟ್ಟಳು. ಒಂದು ಹನಿ ಹಣೆಯಿಂದ ಇಳಿಯಿತು.

ಗುಬ್ಬಿಯ ಹಣೆಯಿಂದಲೂ ಹೀಗೆಯೇ. ಗುಬ್ಬಿ ನನ್ನ ರೂಮ್‌ಮೇಟು, ಒಂದು ಹಿಡಿ ಹುಡುಗಿ, ಮೆಟ್ಟಿಲು ಜಾರಿ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡವಳು, ಬಲಗೈ ಬಿಟ್ಟರೆ ಗತಿಯಿಲ್ಲ, ಈ ವಾರ ನನ್ನ ಬಿಟ್ಬಿಡ್ರೇ ಅಂದಳು, ರೂಲು ಅಂದ್ರೆ ರೂಲು ಕಣೇ ಅಂದೆ, ನಾನೇ, ಎಲ್ಲರೂ ನಕ್ಕರು ಅಂತ ಮತ್ತೆ ಕುಟ್ಟಿದೆ, ನಾಲ್ಕನೆಯ ಸಲ ಅವಳೂ ನಗುತ್ತಲೇ ಕವುಚಿದಳು, ಹನಿ ಹಣೆಯಿಂದ ಗದ್ದಕ್ಕೆ, ಗದ್ದದಿಂದ ಬಿಳಿ ಪ್ಲಾಸ್ಟರಿಗೆ, ಗೋಡೆಗೊರಗಿ ನಿದ್ದೆ ಹೋದಳು ಅಂದುಕೊಂಡೆವು, ಎಬ್ಬಿಸಿದರೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಆರು ದಿನ. ಬದುಕಿದಳು, ಕಾಲೇಜಿಗೆ ಮತ್ತೆ ಬರಲಿಲ್ಲ, ಟ್ರಂಕು ಒಯ್ಯಲು ಬಂದ ಗುಬ್ಬಿಯ ಅಪ್ಪ ನೀನು ಜೊತೆಗಿದ್ದೀಯ ಅಂತಲೇ ನಮಗೆ ಧೈರ್ಯ ಇತ್ತಮ್ಮ ಅಂದರು, ನಾನು ಟ್ರಂಕಿನ ಇನ್ನೊಂದು ಹಿಡಿ ಹಿಡಿದುಕೊಂಡು ಮೆಟ್ಟಿಲಿಳಿದೆ, ಬಾಯಿ ಬಿಡಲಿಲ್ಲ, ಗಂಡನಿಗೂ ಹೇಳಿಲ್ಲ, ಈಗ ಇವಳಿಗೆ ಆ ಆಟ ಬೇಡ ಅನ್ನುವುದು ಯಾವ ಬಾಯಿಂದ, ಅನ್ನದಿದ್ದರೆ ಸೋಮವಾರ ಇವಳು ಅಂಥದ್ದೇ ರೂಮಿಗೆ, ಅಂಥದ್ದೇ ಮೇಜಿಗೆ — ಬಟ್ಟೆ ಸೀದ ವಾಸನೆ, ಕಾಲರು ಹೋಯಿತು, ಪೆಟ್ಟಿಗೆ ಎತ್ತಿಟ್ಟೆ. ಓ ನಿನಗೂ ಗೊತ್ತಾ ಈ ಆಟ ಅನ್ನುವ ನಗು ಮಗಳ ಮುಖಕ್ಕೆ ಬಂದು, ನನ್ನ ಮುಖ ನೋಡಿ ಅಲ್ಲೇ ಆರಿತು. ಲೋಟ ಇನ್ನೂ ಇಳಿಸಿಲ್ಲ. ಹನಿ ಗದ್ದದ ತುದಿಗೆ ಬಂದು ನಿಂತಿದೆ, ಬೀಳುತ್ತಿಲ್ಲ.

ಅಮ್ಮ, ನೀನು ಯಾರಿಗೆ ಕುಟ್ತಿದ್ದೆ?