ಮಹದೇವಪ್ಪ ನೋಡಿದ ಟ್ರ್ಯಾಕ್ಟರ್

ಭೇರ್ಯದ ಹತ್ತಿರದ ಹಳ್ಳಿಯ ಮಹದೇವಪ್ಪನಿಗೆ ಟ್ರ್ಯಾಕ್ಟರ್ ಬೇಕಾಗಿದ್ದದ್ದು ನಿಜ. ಒಂದೂವರೆ ಎಕರೆ ಗದ್ದೆಯವನು ಕರೆದರೆ ಬಾಡಿಗೆ ಟ್ರ್ಯಾಕ್ಟರಿನವರು ಊರವರದ್ದನ್ನೆಲ್ಲ ಮುಗಿಸಿಕೊಂಡು ಕೊನೆಗೆ ಬರುತ್ತಿದ್ದರು. ಹೋದ ವರ್ಷ ಹೀಗೇ ಕಾದು ಕಾದು, ಸಸಿಮಡಿಯಲ್ಲೇ ಪೈರು ಬಲಿತುಹೋಗಿತ್ತು.

ಅವನಿಗೆ ನಲವತ್ತಾರು ವರ್ಷ. ಬೇಸಾಯ ಮಾಡುವವನಿಗೆ ಹೆಣ್ಣು ಕೊಡುವುದಿಲ್ಲವೆಂದು ಏಳೆಂಟು ಮನೆಯವರು ಹೇಳಿ ಕಳಿಸಿದ ಮೇಲೆ ಮದುವೆಯ ಮಾತನ್ನೇ ಬಿಟ್ಟಿದ್ದ. ಎರಡು ವರ್ಷದ ಹಿಂದೆ ತಾಯಿ ತೀರಿಕೊಂಡಳು. ಅಲ್ಲಿಂದೀಚೆಗೆ ಕೆಲವು ದಿನ ಮನೆಯೊಳಗೆ ಒಂದು ಮಾತೂ ಆಡದೆ ಬೆಳಗಿನಿಂದ ಸಂಜೆಯಾಗಿಬಿಡುತ್ತಿತ್ತು.

ಕೆ.ಆರ್. ನಗರ ದಾಟಿ ಹೊಳೆಯ ಕಡೆಗಿರುವ ಊರಿನಲ್ಲಿ ಜವರಯ್ಯ ಎಂಬವರು ಹಳೇ ಟ್ರ್ಯಾಕ್ಟರ್ ಮಾರುತ್ತಾರೆಂದು ಗೊಬ್ಬರದಂಗಡಿಯಲ್ಲಿ ಯಾರೋ ಹೇಳಿದರು. ಒಂದು ಭಾನುವಾರ ಬೈಕು ಹತ್ತಿ ಹೋದ. ಜವರಯ್ಯನ ಮಗ ಹೊಸ ಗಾಡಿ ತಂದಿದ್ದರಿಂದ ಹಳೆಯದು ಹುಲ್ಲಿನ ಮೆದೆಯ ಪಕ್ಕದಲ್ಲಿ ನಿಂತಿತ್ತು. ಬಣ್ಣ ಬಿಸಿಲಿಗೆ ಸತ್ತಿತ್ತು, ಸೀಟಿನ ಮೇಲೆ ಗೋಣಿಚೀಲ ಮಡಿಸಿ ಹಾಕಿದ್ದರು.

"ತಳ್ಳಿದ್ರೆ ಸ್ಟಾರ್ಟ್ ಆಯ್ತದೆ. ಕ್ಲಚ್ಚು ಜಾರ್ತದೆ, ನೇಗಿಲು ಎತ್ತೋ ಲಿಫ್ಟು ನಿಲ್ಲಕಿಲ್ಲ. ಸುಳ್ಳ್ಯಾಕೆ ಏಳ್ಲಿ?" ಅಂದರು ಜವರಯ್ಯ. ಎಪ್ಪತ್ತು ದಾಟಿದ ಮನುಷ್ಯ, ಮಾತು ನೇರ.

ಗಾಡಿ ನೋಡಿದ್ದು ಕಾಲು ಗಂಟೆ. ಜಗಲಿಯಲ್ಲಿ ಕೂತದ್ದು ಮೂರು ಗಂಟೆ. ಸೊಸೆ ಸೌಂದರ್ಯ ಕಾಫಿ ಕೊಟ್ಟಳು. ಒಳಗೆ ಮಕ್ಕಳು ಟಿವಿಗೆ ಜಗಳವಾಡುತ್ತಿದ್ದರು, ಯಾರೋ ಕುಕ್ಕರ್ ಇಳಿಸಿ ಅಂತ ಕೂಗುತ್ತಿದ್ದರು. ಜವರಯ್ಯ ಆ ಗಾಡಿಯಲ್ಲಿ ಕಬ್ಬು ಹೇರಿಕೊಂಡು ಫ್ಯಾಕ್ಟರಿ ಬಾಗಿಲಲ್ಲಿ ಎರಡು ಹಗಲು ಸಾಲು ನಿಂತದ್ದನ್ನು ಹೇಳಿದರು. "ನಿಮ್ಮೂರಲ್ಲಿ ಮಳೆ ಎಂಗಪ್ಪ?" ಅಂತ ಕೇಳಿದರು. ಮಹದೇವಪ್ಪ ಮಳೆಯ ಬಗ್ಗೆ ಹೇಳಿದ, ತಾಯಿಯ ಬಗ್ಗೆಯೂ ಹೇಳಿದ. ಹೊರಡುವಾಗ, "ಯೋಚ್ನೆ ಮಾಡಿ ಮುಂದಿನ ವಾರ ಬತ್ತೀನಿ ಕಣಣ್ಣ" ಅಂದ.

ಮುಂದಿನ ವಾರ ಮೆಕ್ಯಾನಿಕ್ ಸಾಗರ್‌ನನ್ನು ಕೆ.ಆರ್. ನಗರದಿಂದ ಕರೆದುಕೊಂಡು ಹೋದ. ಸಾಗರ್ ಇಂಜಿನ್ನಿನ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ. ಆಯಿಲು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ವಾಪಸು ಬರುವ ದಾರಿಯಲ್ಲಿ ಬೈಕಿನ ಹಿಂದಿನಿಂದ ಹೇಳಿದ: "ಆಯಿಲಿಗೆ ನೀರು ಇಳಿದದೆ ಕಣಣ್ಣ, ಇಂಜಿನ್ ಬ್ಲಾಕೇ ಸೀಳಿರ್ಬೇಕು. ಇದ್ಕೆ ಹಾಕೋ ಖರ್ಚಲ್ಲಿ ಇದ್ಕಿಂತ ಒಳ್ಳೇದು ಸಿಕ್ತದೆ. ಬುಟ್ಬುಡು."

ಮಹದೇವಪ್ಪ "ಹೂಂ" ಅಂದ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಮೂರನೆಯ ಭಾನುವಾರ ತಿಂಡಿ ತಿಂದು ಅಂಗಿ ಬದಲಾಯಿಸಿದ. ಟಯರು ಇನ್ನೊಂದು ಸಲ ನೋಡಬೇಕು ಅಂತ ತನಗೇ ಹೇಳಿಕೊಂಡ. ನಾಲ್ಕನೆಯ ಭಾನುವಾರ ಆರ್.ಸಿ. ನೋಡಬೇಕೆಂದು ಹೋದ. ಸೌಂದರ್ಯ ಲೋಟ ಕೊಡುತ್ತಾ ನಕ್ಕಳು: "ಹೆಣ್ಣು ನೋಡಕ್ಕೂ ಯಾರೂ ಇಷ್ಟು ಸಲ ಬರಕಿಲ್ಲ ಕಣಣ್ಣ." ಅವನೂ ನಕ್ಕ.

ಐದನೆಯ ವಾರ ಜವರಯ್ಯ ಗಾಡಿಯ ಪಕ್ಕದಲ್ಲೇ ಕಾಯುತ್ತಿದ್ದರು. ಮೇಲೆ ಹೊದಿಸಿದ್ದ ಟಾರ್ಪಾಲು ತೆಗೆದು, ಬಾನೆಟ್ ಒರೆಸಿ ಇಟ್ಟಿದ್ದರು.

"ಪಿರಿಯಾಪಟ್ಟಣದೋರು ಒಬ್ರು ಬಂದಿದ್ರು. ಬಿಚ್ಚಿ ರಿಪೇರಿ ಮಾಡ್ಕತೀವಿ, ಕೊಡಿ ಅಂದ್ರು. ನಿಂಗೆ ಮಾತು ಕೊಟ್ಟಿವ್ನಿ ಅಂತ ಕಳಿಸ್ಬುಟ್ಟೆ. ಅವ್ರು ಕೊಪ್ಪದಲ್ಲಿ ಬೇರೆ ಗಾಡಿ ತಕ್ಕಂಡ್ರಂತೆ. ಇವತ್ತು ಒಂದು ತೀರ್ಮಾನ ಏಳ್ಬುಡಪ್ಪ."

ಮಹದೇವಪ್ಪ ಚಕ್ರದ ಮೇಲೆ ಕೈಯಿಟ್ಟು ನಿಂತ. ತಗೊಂಡುಬಿಡಲೇ ಅನ್ನಿಸಿತು. ತಗೊಂಡರೆ ಈ ಮುದುಕನ ಮುಂದೆ ಮುಖ ಉಳಿಯುತ್ತದೆ. ಆದರೆ ಗಾಡಿ ತನ್ನ ಅಂಗಳದಲ್ಲೂ ಹೀಗೇ ಕೆಟ್ಟು ನಿಲ್ಲುತ್ತದೆ, ಭಾನುವಾರ ಇಲ್ಲಿಗೆ ಬರಲು ನೆಪವೂ ಇರುವುದಿಲ್ಲ. ನೆಪದ ಯೋಚನೆ ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

"ಗಾಡಿ ಬ್ಯಾಡ ಕಣಣ್ಣ," ಅಂದ.

"ಯಾವತ್ತು ಗೊತ್ತಾಯ್ತು ಬ್ಯಾಡ ಅಂತ?"

ಸುಳ್ಳು ಹೇಳಬಹುದಿತ್ತು. "ಸಾಗರ್ ನೋಡ್ದ ದಿನಾನೇ."

"ಮತ್ಯಾಕೆ ಬತ್ತಿದ್ದೆ?"

ಮಹದೇವಪ್ಪ ನೆಲ ನೋಡಿದ. "ಮನೇಲಿ ಯಾರೂ ಇಲ್ಲ ಕಣಣ್ಣ. ಇಲ್ಲಿ ಬಂದ್ರೆ ನಾಕು ಮಾತಾಯ್ತಿತ್ತು."

ಜವರಯ್ಯ ಬಯ್ಯಲಿಲ್ಲ. ಟಾರ್ಪಾಲಿನ ಒಂದು ತುದಿ ಎಳೆದು ಬಾನೆಟ್ಟಿನ ಮೇಲೆ ಹಾಕಿ, ಇನ್ನೊಂದು ತುದಿ ಹಾಕದೆಯೇ ಒಳಗೆ ಹೋದರು. ಅವತ್ತು ಯಾರೂ ಕಾಫಿಗೆ ಕರೆಯಲಿಲ್ಲ.

ಮೂರು ಭಾನುವಾರ ಮಹದೇವಪ್ಪ ಎಲ್ಲಿಗೂ ಹೋಗಲಿಲ್ಲ. ಒಂದು ದಿನ ಬದು ಕಡಿದ, ಒಂದು ದಿನ ಸುಮ್ಮನೆ ಮಲಗಿದ. ಎಚ್.ಡಿ. ಕೋಟೆಗೆ ಮದುವೆಯಾಗಿ ಹೋಗಿದ್ದ ಅಕ್ಕನಿಗೆ ಫೋನು ಮಾಡಿ, ಮಳೆ ಬಂತೇ ಅಂತ ಕೇಳಿ ಇಟ್ಟುಬಿಟ್ಟ.

ಆಮೇಲೆ ಒಂದು ಬುಧವಾರ ಬೆಳಿಗ್ಗೆ ಜವರಯ್ಯನ ಫೋನು ಬಂತು. "ಗುಜ್ರಿಯೋರು ಬತ್ತಾವ್ರೆ, ಗಾಡಿ ಕುಯ್ಯಕ್ಕೆ. ಮಗ ಗದ್ದೆಗೋಗವ್ನೆ. ಒಬ್ನೇ ನಿಂತು ನೋಡಕ್ಕಾಗಕಿಲ್ಲ. ಬತ್ತೀಯಾ?"

ಅವನು ಹೋದಾಗ ಮುಂಭಾಗ ಆಗಲೇ ಕಳಚಿತ್ತು. ಗ್ಯಾಸಿನ ಬೆಂಕಿಯಲ್ಲಿ ಕಬ್ಬಿಣ ಕತ್ತರಿಸುತ್ತಿದ್ದರು. ಜವರಯ್ಯ ಮರದ ಕೆಳಗೆ ಕೂತಿದ್ದರು. ಮಹದೇವಪ್ಪ ಪಕ್ಕದಲ್ಲಿ ಕೂತ. ಸ್ಟೀರಿಂಗ್ ಎತ್ತಿ ಲಾರಿಗೆ ಎಸೆದಾಗ ಮಾತ್ರ ಜವರಯ್ಯ ಮುಖವನ್ನು ಬೇರೆ ಕಡೆಗೆ ತಿರುಗಿಸಿದರು. ಮಹದೇವಪ್ಪ ಅವರ ಹೆಗಲಿನ ಮೇಲೆ ಕೈಯಿಡಬೇಕೆಂದುಕೊಂಡ, ಇಡಲಿಲ್ಲ.

ಲಾರಿ ಹೋದ ಮೇಲೆ ಸೌಂದರ್ಯ ಬಾಗಿಲಿಗೆ ಬಂದು, "ಮುದ್ದೆ ಆಗದೆ, ಇಬ್ರೂ ಬನ್ನಿ" ಅಂದಳು. ಉಪ್ಪೆಸರು, ಹುರುಳಿಕಾಳು. ಜವರಯ್ಯ ಅರ್ಧ ಮುದ್ದೆ ಬಿಟ್ಟು ಎದ್ದರು. ಕೈ ತೊಳೆಯುತ್ತಾ, "ಈ ಸಲ ಬಾಡಿಗೆಯೋರ್ಗೆ ಮುಂಚೆನೇ ಏಳಿಡು" ಅಂದರು. ಮತ್ತೆ ಬಾ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ.

ಮಹದೇವಪ್ಪ ಭೇರ್ಯದಲ್ಲಿ ಬೈಕು ನಿಲ್ಲಿಸಿ ಬಾಡಿಗೆ ಟ್ರ್ಯಾಕ್ಟರಿನವನಿಗೆ ಫೋನು ಮಾಡಿದ. "ನೋಡನ ಬುಡಣ್ಣ, ಇನ್ನೂ ಟೈಮದೆ" ಅಂದನವನು. ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹೊಟ್ಟೆ ತುಂಬಿತ್ತು, ಅವತ್ತು ಅಡಿಗೆಯ ಕೆಲಸವೂ ಇರಲಿಲ್ಲ. ಬೀಗ ತೆಗೆಯದೆ ಹೊಸ್ತಿಲ ಹೊರಗೇ ಬಹಳ ಹೊತ್ತು ಕೂತಿದ್ದ.